ಫುಟ್‌ಬಾಲಿಗೂ ಅಂಪೈರ್ ಇದ್ದ ಕಾಲ: ಚಾರ್ಲ್ಸ್ ಆಲ್ಕಾಕ್ ಕುರಿತು ಓದುಗರ ಪ್ರಶ್ನೆಗಳು

ಕ್ರೀಡಾ ಇತಿಹಾಸದ ಪ್ರಶ್ನೋತ್ತರ

ಹಿಂದಿನ ಸಂಚಿಕೆಯ ಒಂದು ಉತ್ತರದಲ್ಲಿ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕ್ರಿಕೆಟಿಗ ಚಾರ್ಲ್ಸ್ ಆಲ್ಕಾಕ್ ಅವರ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಆ ಒಂದು ಸಾಲು ಇಷ್ಟು ಪತ್ರಗಳನ್ನು ತರುತ್ತದೆಂದು ನಾವು ಎಣಿಸಿರಲಿಲ್ಲ. ಆದ್ದರಿಂದ ಈ ಬಾರಿ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು, ಅವರಿಗೇ ಸಂಬಂಧಿಸಿದವುಗಳನ್ನು ಎತ್ತಿಕೊಂಡಿದ್ದೇವೆ.

ಪ್ರಶ್ನೆ: "ಫುಟ್‌ಬಾಲ್ ಪಂದ್ಯಕ್ಕೆ ಅಂಪೈರ್ ಆಗಿದ್ದ ಕ್ರಿಕೆಟಿಗ ಆಲ್ಕಾಕ್" ಎಂದು ಬರೆದಿದ್ದೀರಿ. ಫುಟ್‌ಬಾಲಿಗೆ ಇರುವುದು ರೆಫರಿ, ಅಂಪೈರ್ ಅಲ್ಲ ಎಂಬುದು ಹೈಸ್ಕೂಲು ಹುಡುಗನಿಗೂ ಗೊತ್ತು. ಇದು ಅಚ್ಚಿನ ದೋಷವೋ, ಬರೆದವರ ದೋಷವೋ?
– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು, ಹಾಸನ

ಉತ್ತರ: ಎರಡೂ ಅಲ್ಲವೆಂದು ವಿನಯದಿಂದಲೇ ಹೇಳಬೇಕಾಗಿದೆ. ಇಂದಿನ ಫುಟ್‌ಬಾಲಿನ ಮಟ್ಟಿಗೆ ತಮ್ಮ ಆಕ್ಷೇಪ ಪೂರ್ತಿ ಸರಿ. ಆದರೆ 1891ಕ್ಕೆ ಮುಂಚಿನ ಫುಟ್‌ಬಾಲಿನಲ್ಲಿ ಮೈದಾನದೊಳಗೆ ನಿಂತು ತೀರ್ಪು ಕೊಡುತ್ತಿದ್ದವರು ಅಂಪೈರ್‌ಗಳೇ. ರೆಫರಿ ಎನಿಸಿಕೊಂಡವರು ಮೈದಾನದ ಹೊರಗಿರುತ್ತಿದ್ದರು.

1863ರ ಡಿಸೆಂಬರಿನಲ್ಲಿ ಲಂಡನ್ನಿನ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಮೊದಲ ಹದಿಮೂರು ನಿಯಮಗಳನ್ನು ಅಂಗೀಕರಿಸಿದಾಗ ಅವುಗಳಲ್ಲಿ ತೀರ್ಪುಗಾರರ ಪ್ರಸ್ತಾಪವೇ ಇರಲಿಲ್ಲ. ಆಡುವವರೆಲ್ಲ ದೊಡ್ಡ ಶಾಲೆಗಳಲ್ಲಿ ಓದಿದ ಮರ್ಯಾದಸ್ಥರು, ಅಂಥವರು ಬೇಕೆಂದೇ ತಪ್ಪು ಮಾಡಲಾರರು, ಮಾಡಿದರೂ ಇಬ್ಬರು ನಾಯಕರು ಕೂಡಿ ಮಾತಾಡಿ ಬಗೆಹರಿಸಿಕೊಳ್ಳುತ್ತಾರೆ ಎಂಬ ನಂಬಿಕೆ ಅದರ ಹಿಂದಿತ್ತು. ಸ್ನೇಹದ ಪಂದ್ಯಗಳಿಗೆ ಈ ಏರ್ಪಾಡು ಸಾಲುತ್ತಿತ್ತು. ಗೆದ್ದವರಿಗೆ ಬೆಳ್ಳಿಯ ಬಟ್ಟಲು ಕೊಡುತ್ತೇವೆಂದು ಸಾರಿದ ಮೇಲೆ ಮರ್ಯಾದಸ್ಥರ ಗಂಟಲೂ ಏರತೊಡಗುವುದು ಸಹಜ. 1871ರಲ್ಲಿ ಈ ಅಸೋಸಿಯೇಷನ್ನಿನ ಎಫ್.ಎ. ಕಪ್ ಆರಂಭವಾದಾಗ ಆ ಪಂದ್ಯಾವಳಿಯ ಕಟ್ಟಳೆಗಳಲ್ಲಿ ಇಬ್ಬರು ಅಂಪೈರ್‌ಗಳು ಮತ್ತು ಒಬ್ಬ ರೆಫರಿಗೆ ಜಾಗ ದೊರೆಯಿತು. 1874ರಲ್ಲಿ ಅಂಪೈರ್ ಎಂಬ ಪದ ಆಟದ ನಿಯಮಾವಳಿಯನ್ನೂ ಸೇರಿತು.

ಕೆಲಸದ ರೀತಿ ಹೀಗಿತ್ತು. ಸಾಮಾನ್ಯವಾಗಿ ಪ್ರತಿಯೊಂದು ತಂಡ ತನ್ನ ಕಡೆಯಿಂದ ಒಬ್ಬ ಅಂಪೈರನ್ನು ಕರೆತರುತ್ತಿತ್ತು, ಮತ್ತು ಇಬ್ಬರೂ ಮೈದಾನವನ್ನು ಅರ್ಧರ್ಧ ಹಂಚಿಕೊಂಡು ನಿಲ್ಲುತ್ತಿದ್ದರು. ಆದರೆ ಅವರು ತಾವಾಗಿ ಆಟ ನಿಲ್ಲಿಸುವಂತಿರಲಿಲ್ಲ. ಎದುರಾಳಿ ಚೆಂಡನ್ನು ಕೈಯಿಂದ ಮುಟ್ಟಿದನೆಂದು ತೋರಿದರೆ ಆಟಗಾರರು ಅಂಪೈರ್ ಕಡೆಗೆ ತಿರುಗಿ ಮನವಿ ಸಲ್ಲಿಸಬೇಕು. ಮನವಿ ಇಲ್ಲದಿದ್ದರೆ ತೀರ್ಪೂ ಇಲ್ಲ. ಇದು ಎಲ್ಲಿಂದ ಬಂದ ಪದ್ಧತಿ ಎಂದು ಕ್ರಿಕೆಟ್ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಬೌಲರೋ ಫೀಲ್ಡರೋ "ಹೌಜ್ಯಾಟ್" ಎಂದು ಕೂಗದ ಹೊರತು ಅಂಪೈರ್ ಬೆರಳೆತ್ತುವಂತಿಲ್ಲ ಎಂಬ ನಿಯಮ ಕ್ರಿಕೆಟ್ಟಿನಲ್ಲಿ ಇಂದಿಗೂ ಉಳಿದಿದೆ. ಇಬ್ಬರು ಅಂಪೈರ್‌ಗಳ ಅಭಿಪ್ರಾಯ ಒಂದಾದರೆ ಅದೇ ತೀರ್ಪು. ಬೇರೆಯಾದರೆ ವಿಷಯವನ್ನು ಹೊರಗಿದ್ದ ಮೂರನೆಯವರಿಗೆ ಒಪ್ಪಿಸುತ್ತಿದ್ದರು. ಹಾಗೆ ಯಾರಿಗೆ ಒಪ್ಪಿಸಲಾಗುತ್ತದೆಯೋ ಅವರೇ ರೆಫರಿ. ಆ ಇಂಗ್ಲಿಷ್ ಪದದ ಅರ್ಥವೇ ಅಷ್ಟು.

ತಮ್ಮಂಥ ದೈಹಿಕ ಶಿಕ್ಷಣ ಶಿಕ್ಷಕರಿಗೆ ಈ ಏರ್ಪಾಡು ಅಪರಿಚಿತವೇನಲ್ಲ. ನಮ್ಮ ಕಬಡ್ಡಿ ಅಂಕಣದಲ್ಲಿ ಇಂದಿಗೂ ಇಬ್ಬರು ಅಂಪೈರ್‌ಗಳು ಮತ್ತು ಅವರ ಮೇಲೆ ಒಬ್ಬ ರೆಫರಿ ಇರುತ್ತಾರೆ. ಖೋ ಖೋ ಆಟದಲ್ಲಿಯೂ ಅಷ್ಟೇ. ಫುಟ್‌ಬಾಲ್ ಮಾತ್ರ 1891ರಲ್ಲಿ ಈ ಹಾದಿಯನ್ನು ಬಿಟ್ಟಿತು. ಆ ವರ್ಷ ಪೆನಾಲ್ಟಿ ಒದೆತವನ್ನು ನಿಯಮಗಳಿಗೆ ಸೇರಿಸಿದ್ದಲ್ಲದೆ ರೆಫರಿಯನ್ನು ಮೈದಾನದೊಳಕ್ಕೆ ಕರೆದು ಪೂರ್ತಿ ಅಧಿಕಾರ ಕೊಟ್ಟರು, ಅಂಪೈರ್‌ಗಳನ್ನು ಅಂಚಿಗೆ ಕಳುಹಿಸಿ ಲೈನ್ಸ್‌ಮನ್‌ಗಳನ್ನಾಗಿಸಿದರು. ಒಳಗಿದ್ದವರು ಹೊರಗೆ, ಹೊರಗಿದ್ದವರು ಒಳಗೆ. ಹೀಗಾಗಿ 1870ರ ದಶಕದಲ್ಲಿ ತೀರ್ಪುಗಾರಿಕೆ ಮಾಡಿದವರೊಬ್ಬರನ್ನು ಫುಟ್‌ಬಾಲ್ ಅಂಪೈರ್ ಎಂದು ಕರೆಯುವುದು ತಪ್ಪಾಗುವುದಿಲ್ಲ, ಅವರ ಕಾಲದ ಮಾತೇ ಅದು.

ಪ್ರಶ್ನೆ: ಆಲ್ಕಾಕ್ ಅಂಪೈರ್ ಆಗಿದ್ದ ಮುಖ್ಯ ಪಂದ್ಯ ಯಾವುದು? ಸ್ವತಃ ಆಟಗಾರರಾಗಿದ್ದವರು ಆಡದೆ ಅಂಪೈರ್ ಆದದ್ದೇಕೆ?
– ಕಾಲೇಜು ವಿದ್ಯಾರ್ಥಿ, ಧಾರವಾಡ

ಉತ್ತರ: ಫುಟ್‌ಬಾಲ್ ಚರಿತ್ರೆಯ ಮೊತ್ತಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯಕ್ಕೆ ಅವರು ಅಂಪೈರ್ ಆಗಿದ್ದರು. ಗಾಯವಾಗಿರದಿದ್ದರೆ ಆ ಪಂದ್ಯದಲ್ಲಿ ಆಡುತ್ತಿದ್ದರು.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1870ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ನಿನ ಕಾರ್ಯದರ್ಶಿಯಾದ ಆಲ್ಕಾಕ್, ಅದೇ ವರ್ಷದ ಮಾರ್ಚ್‌ನಿಂದ ಎರಡು ವರ್ಷಗಳಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಹೆಸರಿನಲ್ಲಿ ಐದು ಪಂದ್ಯಗಳನ್ನು ಲಂಡನ್ನಿನ ಕೆನಿಂಗ್ಟನ್ ಓವಲ್ ಮೈದಾನದಲ್ಲಿ ಏರ್ಪಡಿಸಿದ್ದರು. ಮೂರನ್ನು ಇಂಗ್ಲೆಂಡ್ ಗೆದ್ದಿತು, ಎರಡು ಸಮವಾದವು. ಆದರೆ "ಸ್ಕಾಟ್ಲೆಂಡ್" ಪರ ಆಡಿದವರಲ್ಲಿ ಬಹುಪಾಲು ಜನ ಲಂಡನ್ನಿನ ಸುತ್ತಮುತ್ತಲೇ ಇದ್ದವರು. ಆಗಿನ ಪ್ರಧಾನಿ ಗ್ಲ್ಯಾಡ್‌ಸ್ಟನ್ ಅವರ ಮಗನೂ ಆ ತಂಡದಲ್ಲಿದ್ದರು. ಇದು ನಿಜವಾದ ಸ್ಕಾಟ್ಲೆಂಡ್ ತಂಡವೇ ಎಂಬ ಕೊಂಕು ಮಾತು ಉತ್ತರದಿಂದ ಕೇಳಿಬಂದಾಗ, ಆಲ್ಕಾಕ್ ಪತ್ರಿಕೆಗಳಿಗೆ ಕಾಗದ ಬರೆದು ಸ್ಕಾಟರನ್ನೇ ಆಟಕ್ಕೆ ಆಹ್ವಾನಿಸಿದರು. ಕೊನೆಗೆ ಸವಾಲನ್ನು ಒಪ್ಪಿಕೊಂಡದ್ದು ಗ್ಲಾಸ್ಗೋದ ಕ್ವೀನ್ಸ್ ಪಾರ್ಕ್ ಕ್ಲಬ್. ತಂಡದ ಹನ್ನೊಂದು ಜನರೂ ಆ ಒಂದೇ ಕ್ಲಬ್ಬಿನ ಲೆಕ್ಕದಲ್ಲಿ ಆಡಿದರು.

1872ರ ನವೆಂಬರ್ 30, ಶನಿವಾರ. ಸ್ಕಾಟ್ಲೆಂಡಿನ ಕಾವಲು ಸಂತ ಆಂಡ್ರೂ ಅವರ ಹಬ್ಬದ ದಿನ. ಪಂದ್ಯ ನಡೆದದ್ದು ಗ್ಲಾಸ್ಗೋದ ಹ್ಯಾಮಿಲ್ಟನ್ ಕ್ರೆಸೆಂಟ್‌ನಲ್ಲಿ, ಅಂದರೆ ವೆಸ್ಟ್ ಆಫ್ ಸ್ಕಾಟ್ಲೆಂಡ್ ಕ್ರಿಕೆಟ್ ಕ್ಲಬ್ಬಿನ ಮೈದಾನದಲ್ಲಿ. ಫುಟ್‌ಬಾಲಿಗೆ ಇಲ್ಲಿಯೂ ಕ್ರಿಕೆಟ್ಟಿನ ನೆಲವೇ ಆಸರೆ. ಹಿಂದಿನ ದಿನಗಳ ಮಳೆಗೆ ನೆಲ ನೆನೆದು ಭಾರವಾಗಿತ್ತು. ಒಂದು ಶಿಲಿಂಗ್ ಕೊಟ್ಟು ಸುಮಾರು 4,000 ಜನ ಒಳಗೆ ಬಂದಿದ್ದರು. ಇಂಗ್ಲೆಂಡಿನವರು ಬಿಳಿ ಅಂಗಿ ತೊಟ್ಟು ತಲೆಗೆ ಟೋಪಿ ಇಟ್ಟಿದ್ದರೆ, ಸ್ಕಾಟರು ಕಡುನೀಲಿ ಅಂಗಿಯ ಮೇಲೆ ಕೆಂಪು ಕುಲಾವಿ ಧರಿಸಿದ್ದರು. ಗಾಯಗೊಂಡಿದ್ದ ಆಲ್ಕಾಕ್ ಬದಲಿಗೆ ನಾಯಕತ್ವ ವಹಿಸಿದ ಕತ್ಬರ್ಟ್ ಒಟವೇ ಕೂಡ ಪ್ರಥಮ ದರ್ಜೆಯ ಕ್ರಿಕೆಟಿಗರೇ. ಆಲ್ಕಾಕ್ ಇಂಗ್ಲೆಂಡ್ ಕಡೆಯ ಅಂಪೈರ್, ಕ್ವೀನ್ಸ್ ಪಾರ್ಕಿನ ಎಚ್. ಎನ್. ಸ್ಮಿತ್ ಸ್ಕಾಟ್ಲೆಂಡ್ ಕಡೆಯ ಅಂಪೈರ್, ವಿಲಿಯಂ ಕೇ ರೆಫರಿ.

ಆ ದಿನದ ಅಂಪೈರ್‌ನ ಕಷ್ಟವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಗೋಲು ಕಂಬಗಳ ನಡುವೆ ಮೇಲ್ಗಡೆ ಮರದ ಅಡ್ಡಪಟ್ಟಿ ಇಲ್ಲ. ಕಂಬದಿಂದ ಕಂಬಕ್ಕೆ ಬಿಗಿದ ಒಂದು ಟೇಪು ಮಾತ್ರ. ಹಿಂದೆ ಬಲೆಯಿಲ್ಲ. ಅಂಗಳಕ್ಕೆ ಸುಣ್ಣದ ಗೆರೆಗಳೂ ಇಲ್ಲ, ಮೂಲೆಗೊಂದರಂತೆ ನೆಟ್ಟ ಬಾವುಟಗಳೇ ಎಲ್ಲೆ. ಚೆಂಡು ಟೇಪಿನ ಕೆಳಗೆ ಹೋಯಿತೋ, ಮೇಲೆ ಹೋಯಿತೋ ಎಂಬುದಕ್ಕೆ ಕಣ್ಣಳತೆಯೊಂದೇ ಪ್ರಮಾಣ. ಸ್ಕಾಟ್ಲೆಂಡಿನ ರಾಬರ್ಟ್ ಲೆಕಿ ಒದ್ದ ಒಂದು ಚೆಂಡು ಹೋಗಿ ಟೇಪಿನ ಮೇಲೇ ಬಿತ್ತು. ಗೋಲಾಗಲಿಲ್ಲ. ಪಂದ್ಯ 0–0ರಲ್ಲಿ ಮುಗಿಯಿತು. ಒಂದೂ ಗೋಲಿಲ್ಲದ ಆ ಮಧ್ಯಾಹ್ನ ನೆರೆದವರಿಗೆ ಬೇಸರ ತರಲಿಲ್ಲವೆಂಬುದಕ್ಕೆ, ಆ ಎರಡು ದೇಶಗಳು ಮುಂದೆ ವರ್ಷ ವರ್ಷವೂ ಆಡುತ್ತ ಹೋದದ್ದೇ ಸಾಕ್ಷಿ.

ಇಂಗ್ಲೆಂಡ್ ಪರ ಅಧಿಕೃತವಾಗಿ ಆಡುವ ಭಾಗ್ಯ ಆಲ್ಕಾಕ್ ಅವರಿಗೆ ಒದಗಿದ್ದು ಒಂದೇ ಸಲ. 1875ರ ಮಾರ್ಚ್ 6ರಂದು ಓವಲ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ 2–2ರಲ್ಲಿ ಸಮವಾದ ಪಂದ್ಯದಲ್ಲಿ ನಾಯಕರಾಗಿ ಒಂದು ಗೋಲನ್ನೂ ಹೊಡೆದರು. ಸರಿಯಾಗಿ ಒಂದು ವಾರದ ನಂತರ, ಮಾರ್ಚ್ 13ರಂದು, ಅದೇ ಮೈದಾನದಲ್ಲಿ ಎಫ್.ಎ. ಕಪ್ ಫೈನಲ್‌ಗೆ ಅವರೇ ರೆಫರಿ. 1879ರ ಫೈನಲ್‌ಗೂ ಅವರೇ ರೆಫರಿಯಾದರು.

ಪ್ರಶ್ನೆ: ಆಲ್ಕಾಕ್ ಆಡಿದ ಪ್ರಥಮ ದರ್ಜೆಯ ಕ್ರಿಕೆಟ್ ಪಂದ್ಯ ಒಂದೇ ಒಂದು ಎಂದು ಓದಿದೆ. ಅಂಥವರನ್ನು ಕ್ರಿಕೆಟಿಗ ಎಂದು ಕರೆಯುವುದು ಉತ್ಪ್ರೇಕ್ಷೆಯಲ್ಲವೇ?
– ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ತಾವು ಓದಿದ್ದು ನಿಜ. ಮಿಡ್ಲ್‌ಸೆಕ್ಸ್ ಕೌಂಟಿ (ಜಿಲ್ಲೆ) ತಂಡದ ಪರವಾಗಿ 1867ರಲ್ಲಿ ಒಂದು ಪಂದ್ಯ, ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ಕ್ಲಬ್ ಕ್ರಿಕೆಟ್. ಆದರೆ ಅಂಕಿಅಂಶಗಳ ಪಟ್ಟಿಯನ್ನೇ ಹಿಡಿದು ಆ ಕಾಲದವರನ್ನು ಅಳೆಯಹೊರಟರೆ ಎಡವುತ್ತೇವೆ. ಕೌಂಟಿ ಚಾಂಪಿಯನ್‌ಷಿಪ್ ಅಧಿಕೃತವಾದದ್ದು 1890ರಲ್ಲಿ. ಮೊದಲ ಟೆಸ್ಟ್ ನಡೆದದ್ದು 1877ರಲ್ಲಿ. ಆಲ್ಕಾಕ್ ಬ್ಯಾಟು ಹಿಡಿದ ದಿನಗಳಲ್ಲಿ ಕ್ರಿಕೆಟ್ಟಿಗೆ ಇಂದಿನ ಅಚ್ಚುಕಟ್ಟು ಇರಲಿಲ್ಲ. ಆ ಅಚ್ಚುಕಟ್ಟನ್ನು ತಂದವರಲ್ಲಿ ಅವರೂ ಒಬ್ಬರು, ಮತ್ತು ನಮ್ಮ ಅಭಿಪ್ರಾಯದಲ್ಲಿ ಅವರ ವೃತ್ತಿಜೀವನದ ತಿರುಳು ಇರುವುದು ಅಲ್ಲಿಯೇ. ಅವರು ದೊಡ್ಡ ಬ್ಯಾಟ್ಸ್‌ಮನ್ ಅಲ್ಲ. ಆದರೆ ಕ್ರಿಕೆಟ್ಟಿನಲ್ಲಿ ಕಲಿತ ವ್ಯವಹಾರವನ್ನು ಫುಟ್‌ಬಾಲಿಗೆ ಹೊತ್ತುಕೊಂಡು ಹೋದವರು ಅವರಷ್ಟು ಮಟ್ಟಿಗೆ ಬೇರೊಬ್ಬರಿಲ್ಲ.

ಜನನ 1842ರ ಡಿಸೆಂಬರ್ 2ರಂದು, ಹಡಗು ಕಟ್ಟುವ ಊರಾದ ಸಂಡರ್ಲೆಂಡ್‌ನಲ್ಲಿ. ಓದು ಹ್ಯಾರೋ ಶಾಲೆಯಲ್ಲಿ. ಅಣ್ಣ ಜಾನ್ ಆಲ್ಕಾಕ್ ಜತೆ ಸೇರಿ 1859ರಲ್ಲಿ ಎಪ್ಪಿಂಗ್ ಕಾಡಿನಂಚಿನಲ್ಲಿ ಕಟ್ಟಿದ ಫಾರೆಸ್ಟ್ ಎಂಬ ಫುಟ್‌ಬಾಲ್ ಕ್ಲಬ್ ಮುಂದೆ ವಾಂಡರರ್ಸ್ ಎಂಬ ಹೆಸರು ಪಡೆಯಿತು. 1872ರಲ್ಲಿ ಅವರು ಸರ್ರೆ ಕೌಂಟಿ ಕ್ರಿಕೆಟ್ ಕ್ಲಬ್ಬಿನ ಕಾರ್ಯದರ್ಶಿಯಾದರು. ಫುಟ್‌ಬಾಲ್ ಅಸೋಸಿಯೇಷನ್ನಿನ ಕಾರ್ಯದರ್ಶಿಯೂ ಅವರೇ, ಓವಲ್ ಮೈದಾನವಿದ್ದ ಸರ್ರೆಯ ಕಾರ್ಯದರ್ಶಿಯೂ ಅವರೇ ಎಂದ ಮೇಲೆ ಮೈದಾನ ಕೇಳುವವರೂ ಕೊಡುವವರೂ ಒಬ್ಬರೇ ಆದಂತಾಯಿತು. ಬೇಸಿಗೆಯಲ್ಲಿ ಕ್ರಿಕೆಟ್ ನಡೆಯುತ್ತಿದ್ದ ಓವಲ್ ಚಳಿಗಾಲದಲ್ಲಿ ಖಾಲಿ ಬಿದ್ದಿರುತ್ತಿತ್ತು. ಸುತ್ತ ಆವರಣವಿತ್ತು, ಬಾಗಿಲಲ್ಲಿ ನಿಂತು ದುಡ್ಡು ವಸೂಲಿ ಮಾಡಬಹುದಿತ್ತು. 1872ರಲ್ಲಿ ಮತ್ತು 1874ರಿಂದ 1892ರವರೆಗೆ ಪ್ರತಿ ವರ್ಷ, ಒಟ್ಟು 20 ಎಫ್.ಎ. ಕಪ್ ಫೈನಲ್‌ಗಳು ಅಲ್ಲಿ ನಡೆದವು. ಜನ ಹೆಚ್ಚಿ, ತಮ್ಮ ಹುಲ್ಲುಹಾಸು ಹಾಳಾದೀತೆಂದು ಸರ್ರೆಯವರು ಹಿಂಜರಿದ ಮೇಲೆ 1893ರ ಫೈನಲ್ ಮ್ಯಾಂಚೆಸ್ಟರಿಗೆ ಹೋಯಿತು.

ಓವಲ್ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಬೇರೆಯೇ. 1971ರ ಆಗಸ್ಟಿನಲ್ಲಿ ನಮ್ಮ ಬಿ. ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿ, ಆ ದೇಶದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವಿಗೆ ದಾರಿ ಮಾಡಿದ್ದು ಇದೇ ಮೈದಾನದಲ್ಲಿ. ವಿಷಯಕ್ಕೆ ಮರಳೋಣ.

ಪ್ರಶ್ನೆ: ಎಫ್.ಎ. ಕಪ್ಪಿನ ಕಲ್ಪನೆ ಅವರದೇ ಎನ್ನುತ್ತಾರೆ. ಸೋತವರು ಹೊರಗೆ, ಗೆದ್ದವರು ಮುಂದಕ್ಕೆ ಎಂಬ ಪದ್ಧತಿ ಅವರಿಗೆ ಎಲ್ಲಿಂದ ಹೊಳೆಯಿತು?
– ಗ್ರಾಮ ಮಟ್ಟದ ಪಂದ್ಯಾವಳಿಗಳ ಸಂಘಟಕರು, ಬಂಟ್ವಾಳ

ಉತ್ತರ: ಹ್ಯಾರೋ ಶಾಲೆಯಿಂದ. ಅಲ್ಲಿ ವಿದ್ಯಾರ್ಥಿ ನಿಲಯಗಳು ಒಂದಕ್ಕೊಂದು ಎದುರಾಗಿ ಆಡಿ, ಸೋತ ನಿಲಯ ಸ್ಪರ್ಧೆಯಿಂದ ಹೊರಬಿದ್ದು, ಕೊನೆಗೆ ಉಳಿದದ್ದು ಶಾಲೆಗೇ ಮೊದಲೆನಿಸುತ್ತಿತ್ತು. ಅದನ್ನೇ ಇಡೀ ದೇಶಕ್ಕೆ ಹಿಗ್ಗಿಸಿ, 1871ರ ಜುಲೈ 20ರಂದು ಲಂಡನ್ನಿನ ಒಂದು ಕ್ರೀಡಾ ಪತ್ರಿಕೆಯ ಕಚೇರಿಯಲ್ಲಿ ನಡೆದ ಸಭೆಯಲ್ಲಿ, ಅಸೋಸಿಯೇಷನ್ನಿಗೆ ಸೇರಿದ ಎಲ್ಲ ಕ್ಲಬ್ಬುಗಳನ್ನೂ ಆಹ್ವಾನಿಸಿ ಒಂದು ಬಟ್ಟಲಿಗಾಗಿ ಸ್ಪರ್ಧೆ ಏರ್ಪಡಿಸಬೇಕೆಂದು ಆಲ್ಕಾಕ್ ಸೂಚಿಸಿದರು. ಮೊದಲ ವರ್ಷ ಹೆಸರು ಕೊಟ್ಟ ಕ್ಲಬ್ಬುಗಳು 15. ಬಟ್ಟಲಿನ ಬೆಲೆ 20 ಪೌಂಡ್. 1872ರ ಮಾರ್ಚ್ 16ರಂದು ಓವಲ್‌ನಲ್ಲಿ ಸುಮಾರು 2,000 ಜನರೆದುರು ವಾಂಡರರ್ಸ್ ತಂಡ ರಾಯಲ್ ಎಂಜಿನಿಯರ್ಸ್ ತಂಡವನ್ನು 1–0ಯಿಂದ ಸೋಲಿಸಿ ಅದನ್ನು ಎತ್ತಿಕೊಂಡಿತು. ಗೆದ್ದ ತಂಡದ ನಾಯಕ ಯಾರೆಂದು ಊಹಿಸಬಹುದು: ಸ್ಪರ್ಧೆಯನ್ನು ಸೂಚಿಸಿದ ಆಲ್ಕಾಕ್ ಅವರೇ. ಇಂದಾಗಿದ್ದರೆ ಇದರ ಮೇಲೆ ಎಷ್ಟು ತಕರಾರು ಏಳುತ್ತಿತ್ತೋ! ಗೋಲು ಹೊಡೆದ ಮಾರ್ಟನ್ ಬೆಟ್ಸ್ ಅಂದು ತಮ್ಮ ಹೆಸರಿನಲ್ಲಿ ಆಡಲಿಲ್ಲ, "ಎ. ಎಚ್. ಚೆಕರ್" ಎಂಬ ಗುಪ್ತನಾಮ ಇಟ್ಟುಕೊಂಡಿದ್ದರು.

ಹದಿನಾಲ್ಕು ವರ್ಷಗಳ ಬಳಿಕ, ಅದೇ ಜುಲೈ 20ರಂದೇ, ಅಂದರೆ 1885ರಲ್ಲಿ, ಹಣ ಪಡೆದು ಆಡುವುದಕ್ಕೆ ಅಸೋಸಿಯೇಷನ್ ಅನುಮತಿ ಕೊಟ್ಟಿತು. ಉತ್ತರದ ಗಿರಣಿ ಊರುಗಳ ಕ್ಲಬ್ಬುಗಳು ಆಟಗಾರರಿಗೆ ಗುಟ್ಟಾಗಿ ಹಣ ಕೊಡುವುದು ಆಗ ಎಲ್ಲರಿಗೂ ಗೊತ್ತಿದ್ದ ಗುಟ್ಟು. 1884ರಲ್ಲಿ ಪ್ರೆಸ್ಟನ್ ಕ್ಲಬ್ಬಿನ ವಿಲಿಯಂ ಸಡೆಲ್ ಅದನ್ನು ಬಹಿರಂಗವಾಗಿ ಒಪ್ಪಿಕೊಂಡು, ಅಸೋಸಿಯೇಷನ್ ಅವರ ತಂಡವನ್ನು ಸ್ಪರ್ಧೆಯಿಂದ ಹೊರಹಾಕಿದ ಮೇಲೆ ಉತ್ತರದವರು ಬೇರೆ ಸಂಸ್ಥೆಯನ್ನೇ ಕಟ್ಟುವ ಮಾತೆತ್ತಿದ್ದರು. ಹಣದ ಆಟಕ್ಕೆ ಬಾಗಿಲು ತೆರೆಯಬೇಕೆಂದು ವಾದಿಸಿದವರಲ್ಲಿ ಆಲ್ಕಾಕ್ ಮುಂದಿದ್ದರು. ಕ್ರಿಕೆಟ್ಟಿನಲ್ಲಿ ಕೂಲಿ ಪಡೆಯುವ ಆಟಗಾರರೂ ಹವ್ಯಾಸಿಗಳೂ ಒಂದೇ ತಂಡದಲ್ಲಿ ಆಡುವುದನ್ನು ಅವರು ದಿನವೂ ನೋಡುತ್ತಿದ್ದವರು. ಅದರಿಂದ ಆಕಾಶವೇನೂ ಕಳಚಿ ಬಿದ್ದಿಲ್ಲವೆಂಬುದು ಅವರಿಗೆ ತಿಳಿದಿತ್ತು. ಹಾಗೆಂದು ಹಣದ ಪ್ರಶ್ನೆ ಅವರ ಬೆನ್ನು ಬಿಡಲಿಲ್ಲ. 1896ರಲ್ಲಿ ಓವಲ್ ಟೆಸ್ಟ್‌ಗೆ ಮುನ್ನ ಲೋಹ್‌ಮನ್, ಗನ್, ಏಬಲ್, ಹೇವರ್ಡ್, ರಿಚರ್ಡ್‌ಸನ್ ಎಂಬ ಐವರು ಕೂಲಿ ಆಟಗಾರರು 10 ಪೌಂಡಿನ ಬದಲು 20 ಪೌಂಡ್ ಕೇಳಿದಾಗ ಸರ್ರೆಯ ಸಮಿತಿ ಒಪ್ಪಲಿಲ್ಲ. ಮೂವರು ಬೇಡಿಕೆ ಹಿಂದಕ್ಕೆ ಪಡೆದು ಆಡಿದರು, ಲೋಹ್‌ಮನ್ ಮತ್ತು ಗನ್ ಹೊರಗುಳಿದರು. ಫುಟ್‌ಬಾಲಿನಲ್ಲಿ ಹಣದ ಆಟಗಾರರ ಪರ ನಿಂತವರು ಕಾರ್ಯದರ್ಶಿಯಾಗಿದ್ದ ಕ್ಲಬ್ಬಿನಲ್ಲಿಯೇ ಇದು ನಡೆದದ್ದು ವಿಚಿತ್ರವಾಗಿಯೇ ಕಾಣುತ್ತದೆ.

ಪ್ರಶ್ನೆ: ಮೆಲ್ಬರ್ನಿನಲ್ಲಿರುವ ನನ್ನ ಮಗಳು, ಅಲ್ಲಿನ ಫುಟ್‌ಬಾಲಿನಲ್ಲಿ ತೀರ್ಪುಗಾರರನ್ನು ಈಗಲೂ ಅಂಪೈರ್ ಎಂದೇ ಕರೆಯುತ್ತಾರೆಂದು ಹೇಳುತ್ತಾಳೆ. ಆ ದೇಶದಲ್ಲಿಯೂ ಆಲ್ಕಾಕ್‌ರಂತೆ ಎರಡೂ ಆಟಗಳಲ್ಲಿ ಕಾಲಿಟ್ಟವರು ಇದ್ದರೇ?
– ಗೃಹಿಣಿ, ಶಿವಮೊಗ್ಗ

ಉತ್ತರ: ತಮ್ಮ ಮಗಳು ಹೇಳಿದ್ದು ಸರಿ. ಆಸ್ಟ್ರೇಲಿಯದ ಸ್ವಂತ ನಿಯಮಗಳ ಫುಟ್‌ಬಾಲಿನಲ್ಲಿ ಮೈದಾನದ ಅಂಪೈರ್, ಎಲ್ಲೆಯ ಅಂಪೈರ್, ಗೋಲಿನ ಅಂಪೈರ್ ಎಂದು ಬೇರೆ ಬೇರೆ ಅಂಪೈರ್‌ಗಳೇ ಇರುತ್ತಾರೆ. ಎರಡೂ ಆಟಗಳ ಮನುಷ್ಯ ಎಂದರೆ ಜಾರ್ಜ್ ಕೌಲ್ಟರ್ಡ್. ಕಾರ್ಲ್‌ಟನ್ ಕ್ಲಬ್ಬಿನ ಹೆಸರಾಂತ ಫುಟ್‌ಬಾಲ್ ಆಟಗಾರರಾಗಿದ್ದ ಅವರು ಮೆಲ್ಬರ್ನ್ ಕ್ರಿಕೆಟ್ ಕ್ಲಬ್ಬಿನಲ್ಲಿ ಕೆಲಸಕ್ಕಿದ್ದರು. 1879ರ ಜನವರಿಯಲ್ಲಿ, ಇನ್ನೂ 22ರ ಪ್ರಾಯದಲ್ಲಿ, ಒಂದು ಟೆಸ್ಟ್‌ಗೆ ಅಂಪೈರ್ ಆದರು; ಮೂರು ವರ್ಷಗಳ ನಂತರ 1882ರ ಫೆಬ್ರವರಿಯಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯ ಪರ ಒಂದು ಟೆಸ್ಟ್ ಆಡಿ, ಕೊನೆಯವರಾಗಿ ಬ್ಯಾಟು ಹಿಡಿದು 6 ರನ್ ಮಾಡಿ ಔಟಾಗದೆ ಉಳಿದರು. ಮೊದಲು ಟೆಸ್ಟ್ ಅಂಪೈರ್, ಆಮೇಲೆ ಟೆಸ್ಟ್ ಆಟಗಾರ ಎಂಬ ತಲೆಕೆಳಗಾದ ಕ್ರಮ ಬಹಳ ಅಪರೂಪ. ಕ್ಷಯರೋಗ ಅವರನ್ನು 1883ರ ಅಕ್ಟೋಬರಿನಲ್ಲಿ, 27ನೆಯ ವಯಸ್ಸಿಗೇ ಕೊಂಡೊಯ್ದಿತು.

ಅವರನ್ನು ಇಲ್ಲಿ ಪ್ರಸ್ತಾಪಿಸುವುದಕ್ಕೆ ಇನ್ನೊಂದು ಕಾರಣವಿದೆ. 1879ರ ಫೆಬ್ರವರಿ 8ರಂದು ಸಿಡ್ನಿಯಲ್ಲಿ ಲಾರ್ಡ್ ಹ್ಯಾರಿಸ್ ಅವರ ಇಂಗ್ಲೆಂಡ್ ತಂಡ ನ್ಯೂ ಸೌತ್ ವೇಲ್ಸ್ ವಿರುದ್ಧ ಆಡುತ್ತಿದ್ದಾಗ, ಸ್ಥಳೀಯರ ಕಣ್ಮಣಿಯಾದ ಬಿಲ್ಲಿ ಮರ್ಡಕ್ ಅವರನ್ನು ಕೌಲ್ಟರ್ಡ್ ರನ್ ಔಟ್ ಎಂದು ತೀರ್ಪಿತ್ತರು. ಅಂಪೈರ್ ವಿಕ್ಟೋರಿಯದವರು, ಅಂದರೆ ಪಕ್ಕದ ಪ್ರತಿಸ್ಪರ್ಧಿ ವಸಾಹತಿನವರು. ಪಂದ್ಯದ ಮೇಲೆ ಬಾಜಿ ಕಟ್ಟಿದ್ದವರೂ ಜನರ ನಡುವೆ ಇದ್ದರು. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು. ಅಂಪೈರನ್ನು ರಕ್ಷಿಸಲು ಮುಂದಾದ ಲಾರ್ಡ್ ಹ್ಯಾರಿಸ್ ಅವರಿಗೆ ಒಬ್ಬ ಕೋಲಿನಿಂದ ಹೊಡೆದ. ಅಂಪೈರನ್ನು ಬದಲಿಸಲು ಹ್ಯಾರಿಸ್ ಒಪ್ಪಲಿಲ್ಲ, ಆ ದಿನದ ಆಟ ಅಲ್ಲಿಗೆ ನಿಂತಿತು. ಅಂದಿನ ಇನ್ನೊಬ್ಬ ಅಂಪೈರ್ ಎಡ್ಮಂಡ್ ಬಾರ್ಟನ್, ಮುಂದೆ 1901ರಲ್ಲಿ ಆಸ್ಟ್ರೇಲಿಯದ ಮೊದಲ ಪ್ರಧಾನಿಯಾದರು.

ಮರುವರ್ಷ, 1880ರಲ್ಲಿ, ಅದೇ ಮರ್ಡಕ್ ನಾಯಕತ್ವದಲ್ಲಿ ಆಸ್ಟ್ರೇಲಿಯನ್ನರು ಇಂಗ್ಲೆಂಡಿಗೆ ಬಂದಿಳಿದಾಗ ಯಾರೂ ಅವರ ಮುಖ ನೋಡಲಿಲ್ಲ. ಸಿಡ್ನಿಯ ಕಹಿ ಇನ್ನೂ ಆರಿರಲಿಲ್ಲ. ದೊಡ್ಡ ಕ್ಲಬ್ಬುಗಳು ದಿನಾಂಕ ಕೊಡಲಿಲ್ಲ. ಸಣ್ಣಪುಟ್ಟ ಊರುಗಳಲ್ಲಿ ಆಡುತ್ತ ಕಾಲ ಕಳೆಯುತ್ತಿದ್ದ ಅವರಿಗೆ ಒಂದು ದೊಡ್ಡ ಪಂದ್ಯ ಒದಗಿಸಲು ಕೈಹಾಕಿದವರು ಆಲ್ಕಾಕ್. ಹೊಡೆತ ತಿಂದಿದ್ದ ಹ್ಯಾರಿಸ್ ಅವರನ್ನೇ ಒಲಿಸಿ, ಅವರೇ ಇಂಗ್ಲೆಂಡ್ ತಂಡದ ನಾಯಕರಾಗುವಂತೆ ಮಾಡಿದರು. ಆ ದಿನಗಳಲ್ಲಿ ಆಸ್ಟ್ರೇಲಿಯನ್ನರೊಡನೆ ಆಡಬೇಕಿದ್ದ ಸಸೆಕ್ಸ್ ಕೌಂಟಿಯನ್ನೂ ಒಪ್ಪಿಸಿದರು. ಸೆಪ್ಟೆಂಬರ್ 6ರಿಂದ 8ರವರೆಗೆ ಓವಲ್‌ನಲ್ಲಿ ನಡೆದ ಆ ಪಂದ್ಯವೇ ಇಂಗ್ಲೆಂಡಿನ ನೆಲದ ಮೊದಲ ಟೆಸ್ಟ್.

ಪಂದ್ಯವೂ ಸೊಗಸಾಗಿತ್ತು. ಡಬ್ಲ್ಯು. ಜಿ. ಗ್ರೇಸ್ ತಮ್ಮ ಮೊದಲ ಟೆಸ್ಟ್‌ನಲ್ಲೇ 152 ಹೊಡೆದರೆ, ಇಂಗ್ಲೆಂಡಿನ 420ಕ್ಕೆ ಉತ್ತರವಾಗಿ 149ಕ್ಕೆ ಕುಸಿದು ಮತ್ತೆ ಆಡಬೇಕಾಗಿ ಬಂದ ಆಸ್ಟ್ರೇಲಿಯದ ಪರ ಮರ್ಡಕ್, ಗ್ರೇಸ್ ಅವರಿಗಿಂತ ಒಂದೇ ಒಂದು ಹೆಚ್ಚು, ಔಟಾಗದೆ 153 ಗಳಿಸಿದರು. ಇಂಗ್ಲೆಂಡ್ 5 ವಿಕೆಟ್‌ಗಳಿಂದ ಗೆದ್ದಿತು. ಗ್ರೇಸ್ ಅವರ ಇಬ್ಬರು ಸಹೋದರರೂ ತಂಡದಲ್ಲಿದ್ದರು. ಕಿರಿಯರಾದ ಫ್ರೆಡ್ ಎರಡೂ ಸರದಿಗಳಲ್ಲಿ ಸೊನ್ನೆಗೆ ಔಟಾದರು. ಎರಡು ವಾರಗಳಲ್ಲಿ ತೀರಿಯೂ ಹೋದರು. ವಿಕೆಟ್ ಹಿಂದೆ ನಿಂತಿದ್ದ ಆಲ್‌ಫ್ರೆಡ್ ಲಿಟಲ್‌ಟನ್ 1877ರಲ್ಲಿ ಇಂಗ್ಲೆಂಡ್ ಪರ ಫುಟ್‌ಬಾಲ್ ಆಡಿದ್ದವರು. ಹೀಗೆ ಎರಡೂ ಆಟಗಳಲ್ಲಿ ಆ ದೇಶವನ್ನು ಪ್ರತಿನಿಧಿಸಿದ ಮೊದಲಿಗರು ಕಾಣಿಸಿಕೊಂಡದ್ದೂ ಆಲ್ಕಾಕ್ ಏರ್ಪಡಿಸಿದ ಪಂದ್ಯದಲ್ಲಿಯೇ. ಪ್ರಸಂಗಕ್ಕೆ ಸೇರದ ಒಂದು ಮಾತು: ಈ ಲಾರ್ಡ್ ಹ್ಯಾರಿಸ್ 1890ರಿಂದ 1895ರವರೆಗೆ ಮುಂಬಯಿಯ ಗವರ್ನರ್ ಆಗಿದ್ದರು. ಆಗ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳೂ ಆ ಪ್ರಾಂತ್ಯಕ್ಕೇ ಸೇರಿದ್ದುದರಿಂದ ಅವರು ನಮ್ಮವರ ಅಜ್ಜ ಮುತ್ತಜ್ಜಂದಿರಿಗೂ ಗವರ್ನರರೇ.

ಪ್ರಶ್ನೆ: ಇಂಗ್ಲೆಂಡ್–ಆಸ್ಟ್ರೇಲಿಯ ಟೆಸ್ಟ್ ಸರಣಿಗಿರುವ ಆ್ಯಶಸ್ (ಬೂದಿ) ಎಂಬ ಹೆಸರಿಗೂ ಆಲ್ಕಾಕ್ ಅವರಿಗೂ ಏನಾದರೂ ನಂಟಿದೆಯೇ?
– ವಕೀಲರು, ಬೆಂಗಳೂರು

ಉತ್ತರ: ಹೆಸರಿಗೆ ನೇರ ನಂಟಿಲ್ಲ, ಆ ಹಾಸ್ಯದ ಧಾಟಿಗೆ ಇದೆ. 1882ರ ಆಗಸ್ಟ್ 29ರಂದು ಓವಲ್‌ನಲ್ಲಿ ಆಸ್ಟ್ರೇಲಿಯ 7 ರನ್ನುಗಳಿಂದ ಗೆದ್ದಾಗ ಕೊನೆಯ ವಿಕೆಟ್ಟಾಗಿ ಬಿದ್ದವರು ಟೆಡ್ ಪೀಟ್. ಅದೇ ವರ್ಷ ಆಲ್ಕಾಕ್ ಕ್ರಿಕೆಟ್ಟಿಗೆಂದೇ ಒಂದು ವಾರಪತ್ರಿಕೆ ಆರಂಭಿಸಿದ್ದರು. ಇಂಗ್ಲೆಂಡಿನ ಮೇಲ್ಮೆ ಓವಲ್‌ನಲ್ಲಿ ಕೊನೆಯುಸಿರೆಳೆಯಿತೆಂಬ ಅಣಕು ಮರಣವಾರ್ತೆ ಆಗಸ್ಟ್ 31ರಂದು ಅದರಲ್ಲಿ ಅಚ್ಚಾಯಿತು. ಸಮಾಧಿಗಲ್ಲಿನ ಮೇಲೆ "ಅಂತ್ಯ ಶಾಂತವಾಗಿತ್ತು" ಎಂದು ಕೆತ್ತುವ ಕಡೆ, ಶಾಂತಿಗೆ ಇಂಗ್ಲಿಷಿನಲ್ಲಿರುವ ಪೀಸ್ ಎಂಬ ಪದದ ಜಾಗದಲ್ಲಿ ಪೀಟ್ ಎಂದು ಹಾಕಿದ್ದರು. "ಬೂದಿಯನ್ನು ಆಸ್ಟ್ರೇಲಿಯಕ್ಕೆ ಒಯ್ಯಲಾಗುವುದು" ಎಂಬ ಪ್ರಸಿದ್ಧ ಪ್ರಕಟಣೆ ಬೇರೊಂದು ಪತ್ರಿಕೆಯಲ್ಲಿ ಬಂದದ್ದು ಇದಾದ ಎರಡು ದಿನಗಳ ಮೇಲೆ.

ಪ್ರಶ್ನೆ: ಹಾಕಿಯಲ್ಲಿ ನಾವು ಇಬ್ಬರು ಅಂಪೈರ್‌ಗಳು ಮೈದಾನವನ್ನು ಅರ್ಧರ್ಧ ಹಂಚಿಕೊಂಡು ನಿಲ್ಲುತ್ತೇವೆ. ಹಳೆಯ ಫುಟ್‌ಬಾಲಿನ ಪದ್ಧತಿಯೂ ಇದೇ ಆಗಿತ್ತೆಂದು ನಿಮ್ಮ ಪತ್ರಿಕಾ ಬಳಗದವರೊಬ್ಬರು ಹೇಳಿದರು, ನಿಜವೇ?
– ಕುಟುಂಬ ಹಾಕಿ ಉತ್ಸವದಲ್ಲಿ ಅಂಪೈರ್ ಆಗುವವರು, ಕೊಡಗು

ಉತ್ತರ: ನಿಜ, ಮೊದಲ ಉತ್ತರದಲ್ಲಿ ಅದರ ವಿವರವಿದೆ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಿ: ತಾವು ಯಾವ ಕುಟುಂಬದ ಕಡೆಯವರೂ ಅಲ್ಲದೆ ನಿಲ್ಲುತ್ತೀರಿ, ಆಲ್ಕಾಕ್ ನಿಂತದ್ದು ಇಂಗ್ಲೆಂಡಿನ ಕಡೆಯವರಾಗಿ.

ಪ್ರಶ್ನೆ: ಕೊನೆಯವರೆಗೂ ಅವರು ಎರಡೂ ಸಂಸ್ಥೆಗಳನ್ನು ನಡೆಸಿದರೇ?
– ಅದೇ ನಿವೃತ್ತ ಶಿಕ್ಷಕರು, ಎರಡನೆಯ ಪತ್ರದಲ್ಲಿ

ಉತ್ತರ: ಇಲ್ಲ. ಫುಟ್‌ಬಾಲ್ ಅಸೋಸಿಯೇಷನ್ನಿನ ಕೆಲಸವನ್ನು 25 ವರ್ಷ ನಡೆಸಿ 1895ರಲ್ಲಿ ಫ್ರೆಡರಿಕ್ ವಾಲ್ ಅವರಿಗೆ ಒಪ್ಪಿಸಿದರು. ಸರ್ರೆಯ ಹೊಣೆಯನ್ನು ಮಾತ್ರ ಬಿಡಲಿಲ್ಲ. ಆ ಹುದ್ದೆಯಲ್ಲಿರುವಾಗಲೇ 1907ರ ಫೆಬ್ರವರಿ 26ರಂದು ಬ್ರೈಟನ್ನಿನಲ್ಲಿ ತೀರಿಕೊಂಡರು. ಅವರ ಸಮಾಧಿ ದಕ್ಷಿಣ ಲಂಡನ್ನಿನ ವೆಸ್ಟ್ ನಾರ್ವುಡ್ ಸ್ಮಶಾನದಲ್ಲಿದೆ, ಓವಲ್‌ನಿಂದ ಬಹಳ ದೂರವಿಲ್ಲ.